ವೇಗ, ದಿಕ್ಕು ಬದಲಿಲ್ಲ

ಎಲಿನೋರಾ ಹಡಗಿನ ಈಜುಕೊಳದ ನೀರು ಬಸಿದು, ಅದರೊಳಗೆ ಐದೈದು ಅಂತಸ್ತಿನ ಮಂಚ ನಿಲ್ಲಿಸಿ ನೂರಾ ಹತ್ತು ಸಿಪಾಯಿಗಳನ್ನು ಮಲಗಿಸಿದ್ದರು ಎಂಬ ವಾಕ್ಯವನ್ನು ಶಿವಪ್ರಕಾಶ ಮೂರನೆಯ ಸಲ ಅಳಿಸಿ ಬರೆದ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಅದು ಮುಗಿದರೆ ಮುಂದಿನ ಹಾಳೆಗೆ ಹೋಗಬೇಕಾಗುತ್ತಿತ್ತು. ಮುಂದಿನ ಹಾಳೆಯಲ್ಲಿ ಏನಿದೆಯೆಂದು ಅವನಿಗೆ ಮಂಗಳವಾರದಿಂದ ಗೊತ್ತಿತ್ತು. ಕಿಟಕಿಯಾಚೆ ಕೊಲ್ಲಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಒಂದು ಫೆರ್ರಿ ಕೂಗಿತು, ಆದರೆ ಕಾಣಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಹಡಗು ಧಕ್ಕೆಯೊಂದರ ಮೇಲಿನ ಈ ಉಗ್ರಾಣದಲ್ಲಿ, ಹಡಗುಗಳ ಇತಿಹಾಸ ಕಾಪಾಡುವ ಒಂದು ಸಣ್ಣ ಸಂಘಕ್ಕೆ ಅವನು ವಾರಕ್ಕೆ ಎರಡು ದಿನ ಬಿಟ್ಟಿ ಕೆಲಸ ಮಾಡುತ್ತಿದ್ದ. ಕೆಲಸ ಹೋದ ಮೇಲೆ ಆರು ತಿಂಗಳು ಮನೆಯಲ್ಲಿ ಕೂತು, ಮಧ್ಯಾಹ್ನ ಮೂರು ಗಂಟೆಗೆ ಪಾತ್ರೆ ತೊಳೆಯುವ ಯಂತ್ರದ ಸದ್ದು ಕೇಳುತ್ತ ಅದರ ಮೋಟಾರಿನ ದೋಷ ಏನಿರಬಹುದೆಂದು ಯೋಚಿಸುತ್ತಿದ್ದಾಗ, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಹೆಂಡತಿ ತೇಜಸ್ವಿನಿ, "ಎಲ್ಲಾದ್ರೂ ಹೋಗ್ಬನ್ನಿ, ಪ್ಲೀಸ್. ನೀವು ಹಿಂಗೆ ಸೋಫಾ ಮೇಲೆ ಕೂತಿದ್ರೆ ನನಗೆ ಶಿಫ್ಟಿಗೆ ಹೋಗೋಕೆ ಮನಸ್ಸೇ ಬರಲ್ಲ," ಎಂದಿದ್ದಳು. ಅದರಲ್ಲಿ ಕಾಳಜಿಯಿತ್ತೋ ಜಿಗುಪ್ಸೆಯಿತ್ತೋ ಅವನು ಕೇಳಲಿಲ್ಲ. ಯೂನಿಯನ್ ಸಿಟಿಯಿಂದ ಬಾರ್ಟ್ ರೈಲು ಹತ್ತಿ ಬಂದರೆ ಒಂದು ಗಂಟೆ. ಇಲ್ಲಿ ಯಾರೂ ಅವನನ್ನು ಮೊದಲು ಎಲ್ಲಿದ್ದೆ, ಈಗ ಎಲ್ಲಿದ್ದೀಯ ಎಂದು ಕೇಳುತ್ತಿರಲಿಲ್ಲ. ಹಡಗಿನ ಬಗ್ಗೆ ಮಾತ್ರ ಕೇಳುತ್ತಿದ್ದರು.

ಹಡಗಿನ ಬಗ್ಗೆ ಅವನಿಗೆ ಎಲ್ಲ ಗೊತ್ತಿತ್ತು. ಮದ್ದೂರಿನಿಂದ ಬಂದವನು, ಇಪ್ಪತ್ತೆರಡು ವರ್ಷ ತುಂಬುವ ತನಕ ಸಮುದ್ರವನ್ನೇ ನೋಡದವನು, ಈಗ ಎಲಿನೋರಾದ ಬಾಯ್ಲರುಗಳ ಸಂಖ್ಯೆಯನ್ನು ಕೇಳಿದ ತಕ್ಷಣ ಹೇಳಬಲ್ಲವನಾಗಿದ್ದ. ಸಾವಿರದ ಒಂಬೈನೂರ ಇಪ್ಪತ್ತಾರರಲ್ಲಿ ನೀರಿಗಿಳಿದದ್ದು. ಹೊನೊಲುಲು ಮಾರ್ಗವಾಗಿ ಸಿಡ್ನಿಗೆ, ನಾನೂರಿಪ್ಪತ್ತು ಪ್ರಯಾಣಿಕರು. ಊಟದ ಪಟ್ಟಿಗಳು ದಪ್ಪ ಕಾಗದದ ಮೇಲೆ ಚಿನ್ನದ ಬಣ್ಣದ ಅಕ್ಷರದಲ್ಲಿ ಅಚ್ಚಾಗಿದ್ದವು. ಒಂದರ ಹಿಂಬದಿಯಲ್ಲಿ ಯಾರೋ ಹೆಂಗಸು ಪೆನ್ಸಿಲಿನಲ್ಲಿ 'ಇವತ್ತು ಮೂರು ಸಲ ಕುಣಿದೆ' ಎಂದು ಬರೆದಿಟ್ಟಿದ್ದಳು. ಯುದ್ಧ ಬಂದಾಗ ಹದಿನೇಳು ದಿನಗಳಲ್ಲಿ ಹಡಗಿನ ಬಿಳಿ ಮೈಗೆಲ್ಲ ಬೂದು ಬಣ್ಣ ಬಳಿದರು. ನೃತ್ಯಶಾಲೆಯ ಪಿಯಾನೋವನ್ನು ಕ್ರೇನಿನಲ್ಲಿ ದಂಡೆಗೆ ಇಳಿಸಿದರು. ನಾನೂರಿಪ್ಪತ್ತು ಜನರ ಜಾಗದಲ್ಲಿ ಮೂರು ಸಾವಿರದ ಇನ್ನೂರು ಜನ. ದಿನಕ್ಕೆ ಎರಡು ಊಟ, ನಿಂತುಕೊಂಡೇ. ಉಪ್ಪುನೀರಿನ ಸ್ನಾನ, ನೊರೆ ಬಾರದ ಸೋಪು. ಮಂಚಗಳು ಸಾಲದೆ ಪಾಳಿಯ ಮೇಲೆ ನಿದ್ದೆ. ಒಬ್ಬ ಎದ್ದ ಜಾಗದಲ್ಲಿ ಅವನ ಮೈಯ ಬಿಸಿ ಆರುವ ಮೊದಲೇ ಇನ್ನೊಬ್ಬ ಮಲಗುತ್ತಿದ್ದ. ಹೀಗೆ ಇಪ್ಪತ್ಮೂರು ಯಾನ. ಯುದ್ಧ ಮುಗಿದ ಮೇಲೆ ಮತ್ತೆ ಬಿಳಿ ಬಣ್ಣ, ಮತ್ತೆ ಸಂಗೀತ, ಆದರೆ ಅಷ್ಟರಲ್ಲಿ ವಿಮಾನಗಳು ಬಂದಿದ್ದವು. ಐವತ್ತೇಳರಲ್ಲಿ ಗುಜರಿಗೆ ಹೋಯಿತು. ಈ ಅಂಕಿಗಳ ನಡುವೆ ಶಿವಪ್ರಕಾಶನಿಗೆ ನೆಮ್ಮದಿಯಿತ್ತು. ಮೂವತ್ತು ವರ್ಷ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷೆ ಮಾಡಿದವನು ಅವನು. ಯಾವುದು ಪಾಸು, ಯಾವುದು ಫೇಲು ಎಂದು ಗೆರೆ ಎಳೆದು ಮುಂದಕ್ಕೆ ಹೋಗುವುದು ಅವನ ಕೈಗೆ ಒಗ್ಗಿದ ಕೆಲಸ.

ಮುಂದಿನ ಹಾಳೆ ಹಡಗಿನ ದಿನಚರಿಯ ಪ್ರತಿ. ಸಾವಿರದ ಒಂಬೈನೂರ ನಲವತ್ಮೂರು, ನವೆಂಬರ್ ಹದಿನೇಳು. ಟೈಪು ಮಾಡಿದ ನಾಲ್ಕು ಸಾಲು. ಮಧ್ಯಾಹ್ನ ಎರಡು ಗಂಟೆ ಏಳು ನಿಮಿಷಕ್ಕೆ ಹಡಗಿನ ಹಿಂಭಾಗದ ಬಲಗಡೆಯಿಂದ ಮನುಷ್ಯ ನೀರಿಗೆ: ಸಿಪಾಯಿ ಎಲ್ಮರ್ ಹಾಸ್ಕಿನ್. ಜೀವ ಉಳಿಸುವ ತೇಲುಬಳೆ ಎಸೆಯಲಾಯಿತು. ಎರಡು ಹದಿನೆಂಟಕ್ಕೆ ಕಣ್ಮರೆ. ವೇಗ, ದಿಕ್ಕು ಬದಲಿಲ್ಲ.

ಸುತ್ತಮುತ್ತ ಶತ್ರುಗಳ ಜಲಾಂತರ್ಗಾಮಿಗಳಿದ್ದ ನೀರು ಅದು. ಯಾವ ಕಾರಣಕ್ಕೂ ನಿಲ್ಲಕೂಡದು ಎಂದು ಆದೇಶವಿತ್ತು. ಒಳಗೆ ಮೂರು ಸಾವಿರದ ಇನ್ನೂರು ಜನ, ಹೊರಗೆ ಒಬ್ಬ. ಲೆಕ್ಕ ಸರಿಯಾಗಿಯೇ ಇತ್ತು. ಆ ಕ್ಯಾಪ್ಟನ್ನಿನ ಜಾಗದಲ್ಲಿ ತಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ಮಂಗಳವಾರ ಓದಿದ ಕೂಡಲೇ ಅವನಿಗೆ ಅನಿಸಿತ್ತು. ಅನಿಸಿದ ವೇಗಕ್ಕೆ ಹೆದರಿಕೆಯಾಗಿ ಕಡತ ಮುಚ್ಚಿಟ್ಟು ಎದ್ದುಹೋಗಿದ್ದ.

"ಶಿವಾ," ಎಂದಳು ಲೊರೆಟ್ಟಾ ಸಿಲ್ವಾ. ಸಂಘದ ಮೇಲ್ವಿಚಾರಕಿ, ಎಪ್ಪತ್ತರ ಹತ್ತಿರದವಳು; ಅವನ ಹೆಸರಿನ ಮೊದಲರ್ಧ ಮಾತ್ರ ಅವಳ ನಾಲಿಗೆಯಲ್ಲಿ ಹೊರಳುತ್ತಿತ್ತು. "ಹನ್ನೊಂದು ಗಂಟೆಗೆ ಹಾಸ್ಕಿನ್ನನ ಮಗಳು ಬರುತ್ತಾಳೆ. ಹೇವರ್ಡಿನಿಂದ. ಎಂಬತ್ನಾಲ್ಕು ವರ್ಷ. ನಮ್ಮ ಎಲಿನೋರಾ ಪ್ರದರ್ಶನದ ಸುದ್ದಿ ಎಲ್ಲೋ ಓದಿದಳಂತೆ. ತಂದೆಯ ದೇಹವನ್ನು ಸಮುದ್ರಕ್ಕೆ ಒಪ್ಪಿಸಿದ ಜಾಗ ಯಾವುದು ಎಂದು ಕೇಳುತ್ತಿದ್ದಾಳೆ. ಅಷ್ಟೇ. ಅಕ್ಷಾಂಶ, ರೇಖಾಂಶ ಒಂದು ಚೀಟಿಯಲ್ಲಿ ಬರೆದುಕೊಡು."

"ಒಪ್ಪಿಸಲಿಲ್ಲವಲ್ಲ," ಎಂದ ಅವನು.

"ನನಗೂ ಓದಲು ಬರುತ್ತದೆ." ಲೊರೆಟ್ಟಾ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದಳು. "ಅವಳ ತಾಯಿಗೆ ಆ ತುಕಡಿಯ ಪಾದ್ರಿ ಕಾಗದ ಬರೆದಿದ್ದಾನೆ. ಜ್ವರ ಬಂದು ತೀರಿಕೊಂಡ, ಗೌರವದಿಂದ ಕಳಿಸಿಕೊಟ್ಟೆವು ಅಂತ. ಎಂಬತ್ತು ವರ್ಷ ಹಾಗೇ ನಡೆದುಕೊಂಡು ಬಂದಿದೆ. ಅವಳು ಕೇಳಿದ್ದು ಜಾಗ. ಜಾಗ ಕೊಡು."

ಅವನು ತಲೆಯಾಡಿಸಿದ. ತಲೆಯಾಡಿಸುವುದು ಅವನಿಗೆ ಯಾವತ್ತೂ ಕಷ್ಟದ ಕೆಲಸವಾಗಿರಲಿಲ್ಲ. ಮೂರು ವರ್ಷದ ಹಿಂದೆ, ಮಾರ್ಚಿನ ಒಂದು ಬುಧವಾರ, ಆಫೀಸಿನಲ್ಲಿ ಮೇಲಿನವನು ಮೀಟಿಂಗ್ ರೂಮಿನ ಬಾಗಿಲು ಹಾಕಿ, ನಿನ್ನ ಟೀಮಿನಲ್ಲಿ ಈ ಇಬ್ಬರಲ್ಲಿ ಒಬ್ಬರು ಹೋಗಬೇಕು, ಶುಕ್ರವಾರದೊಳಗೆ ಹೆಸರು ಕೊಡು ಎಂದಾಗಲೂ ಹೀಗೇ ತಲೆಯಾಡಿಸಿದ್ದ. ಇಬ್ಬರಲ್ಲಿ ಒಬ್ಬಳು ಹುಡುಗಿ, ಜಗಳಗಂಟಿ, ವಕೀಲರ ಹತ್ತಿರ ಹೋದರೂ ಹೋಗುವಂಥವಳು. ಇನ್ನೊಬ್ಬ ರಘೋತ್ತಮ. ಮೈಸೂರಿನವನು. ಹತ್ತೊಂಬತ್ತು ವರ್ಷ ಅವನೂ ಇವನೂ ಒಂದೇ ಕಾರಿನಲ್ಲಿ ಡಂಬಾರ್ಟನ್ ಸೇತುವೆ ದಾಟಿ ಆಫೀಸಿಗೆ ಹೋಗಿ ಬಂದವರು. ರಘೋತ್ತಮ ಜಗಳ ಮಾಡುವುದಿಲ್ಲ. ಅದೊಂದೇ ಕಾರಣಕ್ಕೆ ಅವನ ಹೆಸರನ್ನು ಕೊಟ್ಟ; ಬೇರೆ ಕಾರಣಗಳನ್ನು ಆಮೇಲೆ ಹುಡುಕಿ ಫಾರಮ್ಮಿನಲ್ಲಿ ತುಂಬಿದ. ಶುಕ್ರವಾರ ಅವನ ಮುಖ ನೋಡಲಾರದೆ ಮೈ ಸರಿಯಿಲ್ಲವೆಂದು ಮನೆಯಿಂದಲೇ ಕೆಲಸ ಮಾಡಿದ. ಶನಿವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಸದ್ದಾಯಿತು. ತೇಜಸ್ವಿನಿ ಆಗ ಊರಿಗೆ ಹೋಗಿದ್ದಳು. ಶಿವಪ್ರಕಾಶ ಅಡಿಗೆಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟಿದ್ದ. ಫೋನಿನಲ್ಲಿ ಬಾಗಿಲ ಕ್ಯಾಮೆರಾ ತೆರೆದು ನೋಡಿದರೆ ರಘೋತ್ತಮ. ವಿಷಯ ಹೇಗೋ ಗೊತ್ತಾಗಿದೆ, ಕೇಳಲು ಬಂದಿದ್ದಾನೆ. ಶಿವಪ್ರಕಾಶ ಒಲೆ ಆರಿಸಿದ. ಎಣ್ಣೆಯ ಚಿಟಚಿಟ ಹೊರಗೆ ಕೇಳೀತೆಂದು. ಕಾಲಲ್ಲಿದ್ದ ಚಪ್ಪಲಿ ಬಿಚ್ಚಿದ. ಐವತ್ತಾರು ವರ್ಷದ ಗಂಡಸು ತನ್ನದೇ ಮನೆಯಲ್ಲಿ ಬರಿಗಾಲಲ್ಲಿ, ಉಸಿರು ಹಿಡಿದು, ಅಂಗೈಯಗಲದ ತೆರೆಯಲ್ಲಿ ಗೆಳೆಯನನ್ನು ನೋಡುತ್ತ ನಿಂತ. ಕ್ಯಾಮೆರಾದ ಉಬ್ಬು ಗಾಜಿನಲ್ಲಿ ರಘೋತ್ತಮನ ಹಣೆ ದೊಡ್ಡದಾಗಿ, ಕಾಲು ಸಣ್ಣದಾಗಿ ಕಾಣುತ್ತಿತ್ತು. ಮತ್ತೆ ಬೆಲ್ ಒತ್ತಿದ. ಗಾಜಿನ ಹತ್ತಿರ ಬಗ್ಗಿ ಏನೋ ಅಂದದ್ದು ಫೋನಿನಲ್ಲಿ ಕೇಳಿತು. ಹಲ್ಲು ಬಿಟ್ಟ. ಬೇಡುವವರು ಹಲ್ಲು ಬಿಡುವ ಹಾಗೆ. ಅದನ್ನು ಕಂಡು ಶಿವಪ್ರಕಾಶನಿಗೆ ಕನಿಕರದ ಬದಲು ಅಸಹ್ಯ ಬಂತು. ಹೋಗೋ, ಹೋಗೋ ಮಾರಾಯ ಎಂದು ಒಳಗೇ ಅಂದುಕೊಂಡ. ನಾಲ್ಕು ನಿಮಿಷದ ಮೇಲೆ ಅವನು ಹೋದ.

ಸೋಮವಾರ ಕೆಲಸದಿಂದ ತೆಗೆದವರ ಪಟ್ಟಿ ಬಂತು. ಐದು ವಾರದ ಮೇಲೆ, ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯ ಸಾಲಿನಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದ ರಘೋತ್ತಮ ತಲೆಯೊಳಗೆ ನರ ಒಡೆದು ಬಿದ್ದು, ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟಿದ್ದ. ಬಾಗಿಲು ತೆಗೆದಿದ್ದರೆ ನರ ಒಡೆಯುತ್ತಿರಲಿಲ್ಲ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಶಿವಪ್ರಕಾಶ ಅದನ್ನು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಿದ್ದ. ಆ ಮನೆಯಲ್ಲಿ ಹದಿಮೂರು ದಿನವೂ ತೇಜಸ್ವಿನಿ ಅಡಿಗೆಗೆ ನಿಂತಿದ್ದಳು. ಒಂದು ಸಂಜೆ ರಘೋತ್ತಮನ ಹೆಂಡತಿ ಸಂಯುಕ್ತಾ ಇದ್ದಕ್ಕಿದ್ದಂತೆ, "ಅವತ್ತೊಂದು ಶನಿವಾರ ನಿಮ್ಮನೆಗೆ ಬಂದಿದ್ರಂತೆ ಇವರು. ಯಾರೂ ಇರಲಿಲ್ವಂತೆ," ಎಂದಳು. ತೇಜಸ್ವಿನಿ ಇವನ ಕಡೆ ತಿರುಗಿದಳು. "ಸಾಮಾನು ತರೋಕೆ ಹೋಗಿದ್ದೆ," ಎಂದಿದ್ದ ಶಿವಪ್ರಕಾಶ. ಆ ಸುಳ್ಳಿಗೆ ಹಿಡಿದದ್ದು ಎರಡೇ ಸೆಕೆಂಡು. ಯಾರೂ ಏನೂ ಕೇಳಲಿಲ್ಲ. ಮುಂದೆ ಎಂಟು ತಿಂಗಳಿಗೆ ಅವನ ಹೆಸರೂ ಒಂದು ಪಟ್ಟಿಯಲ್ಲಿ ಬಂದಾಗ, ಅದನ್ನು ಕೊಟ್ಟವರು ಯಾರೆಂದು ಅವನು ಕೇಳಲಿಲ್ಲ.

ವಿಲ್ಮಾ ಹಾಸ್ಕಿನ್ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ನಾಲ್ಕು ಕಾಲಿನ ಊರುಗೋಲನ್ನು ಮುಂದಕ್ಕೆ ತಳ್ಳಿಕೊಂಡು, ಚರ್ಚಿಗೆ ಹೋಗುವವಳಂತೆ ನೀಲಿ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ. ಬಣ್ಣ ಒಂದು ಕಡೆ ಅಂಚು ದಾಟಿತ್ತು. ಲೊರೆಟ್ಟಾ ಅವಳನ್ನು ಈಜುಕೊಳದ ಚಿತ್ರ, ಮಂಚಗಳ ಚಿತ್ರ, ಹಡಗಿನ ಮರದ ಮಾದರಿ ಎಲ್ಲದರ ಎದುರಿಗೂ ನಿಲ್ಲಿಸಿ, ಕೊನೆಗೆ ಶಿವಪ್ರಕಾಶನ ಮೇಜಿನ ಮುಂದೆ ಕೂರಿಸಿ, ಫೋನ್ ಬಂತೆಂದು ಆಚೆ ಹೋದಳು. ಶಿವಪ್ರಕಾಶ ಚೀಟಿ ಕೊಟ್ಟ. ದಕ್ಷಿಣಕ್ಕೆ ಹನ್ನೊಂದು ಡಿಗ್ರಿ ನಲವತ್ತು ನಿಮಿಷ, ಪಶ್ಚಿಮಕ್ಕೆ ನೂರಾ ಅರವತ್ತಾರು ಡಿಗ್ರಿ ಎರಡು ನಿಮಿಷ. ಅವಳು ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ಎರಡು ಮಡಿಕೆ ಮಡಿಸಿ, ಕೈಚೀಲದ ಒಳಜೇಬಿಗೆ ಸೇರಿಸಿದಳು. ಮುಗಿಯಿತು ಎಂದುಕೊಂಡ ಅವನು. ಅವನ ಕಂಕುಳು ಬೆವರಿತ್ತು.

"ಇನ್ನೊಂದು ಕೇಳಲೇ?" ಎಂದಳು ಮುದುಕಿ. "ನನಗೆ ಆಗ ಎರಡು ವರ್ಷ. ಅವನ ಮುಖ ಗೊತ್ತಿಲ್ಲ. ಅವತ್ತು ಹಡಗಿನ ಮೇಲೆ ಏನು ಹಾಡಿದರು ಅಂತ ನಿಮ್ಮ ಪುಸ್ತಕದಲ್ಲಿ ಇದೆಯೇ? ಅಮ್ಮ ಯಾವಾಗಲೂ ಹೇಳುತ್ತಿದ್ದಳು, ಹಾಡದೆ ಕಳಿಸಿರುವುದಿಲ್ಲ ಎಂದು. ಯಾವ ಹಾಡು ಅಂತ ಗೊತ್ತಾದರೆ ನನ್ನ ಅಂತ್ಯಕ್ರಿಯೆಗೂ ಅದನ್ನೇ ಹಾಡಲು ಹೇಳಿಟ್ಟಿರುತ್ತೇನೆ."

ಒಂದು ಹಾಡಿನ ಹೆಸರು ಹೇಳಿದರೆ ಸಾಕಿತ್ತು. ದಾಖಲೆಯಲ್ಲಿ ಇಲ್ಲ ಎಂದರೂ ಸಾಕಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಬಾಯಿ ತೆರೆದಾಗ ಅದನ್ನೇ ಹೇಳುತ್ತೇನೆ ಎಂದು ಶಿವಪ್ರಕಾಶ ನಂಬಿದ್ದ. ಆದರೆ ಅವಳು ಪೆನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು, ಬರೆದುಕೊಳ್ಳಲು. "ಹಾಡಲಿಲ್ಲ," ಎಂದುಬಿಟ್ಟ. "ಅಮ್ಮಾ, ಅವರು ಜ್ವರದಿಂದ ಹೋದವರಲ್ಲ." ಅಮ್ಮಾ ಎಂದದ್ದು ಕನ್ನಡದಲ್ಲಿ, ಅವಳಿಗೆ ತಿಳಿಯಲಿಲ್ಲ, ಅವನಿಗೂ ಆಮೇಲೆ ಗೊತ್ತಾಯಿತು. ಕಡತ ತಿರುಗಿಸಿ ಅವಳ ಮುಂದಿಟ್ಟ. ಅಕ್ಷರ ಸಣ್ಣದು, ನೀನೇ ಓದು ಎಂದಳು. ಅವನು ಓದಿದ. ನಾಲ್ಕು ಸಾಲು ಓದಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

"ಬಿದ್ದನೋ, ಹಾರಿದನೋ?"

"ಬರೆದಿಲ್ಲ."

"ಎರಡು ಏಳರಿಂದ ಎರಡು ಹದಿನೆಂಟು." ಅವಳು ಬೆರಳು ಮಡಿಚಿ ಎಣಿಸಿದಳು. "ಹನ್ನೊಂದು ನಿಮಿಷ. ಅಷ್ಟು ಹೊತ್ತು ಅವನು ಕಾಣುತ್ತಿದ್ದ. ಯಾರೋ ಕಟಕಟೆ ಹಿಡಿದು ನೋಡುತ್ತ ನಿಂತಿದ್ದರು."

"ನಿಲ್ಲಿಸುವ ಹಾಗಿರಲಿಲ್ಲ. ಆದೇಶ ಇತ್ತು. ಮೂರು ಸಾವಿರ..."

"ನನಗೆ ಲೆಕ್ಕ ಹೇಳಬೇಡ." ಅವಳ ದನಿ ಏರಲಿಲ್ಲ. "ನನ್ನ ತಾಯಿ ಆ ಪಾದ್ರಿಯ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಸತ್ತಳು. ನೀನು ಯಾರು? ನಿನಗೆ ಇದರಿಂದ ಏನಾಗಬೇಕಿತ್ತು?"

ಅವನು ಕಡತವನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆ ಹಾಳೆಯ ಒಂದು ಪ್ರತಿ ಬೇಕು ಎಂದಳು. ಜೆರಾಕ್ಸ್ ಯಂತ್ರ ಬಿಸಿಯಾಗಲು ಹೊತ್ತು ತೆಗೆದುಕೊಂಡಿತು. ಆ ಹೊತ್ತಿನಲ್ಲಿ ಅವನು ಯಂತ್ರದ ಕಡೆ ಮುಖ ಮಾಡಿ ನಿಂತ, ಅವಳು ಮಂಜಿನ ಕಡೆ ಮುಖ ಮಾಡಿ ಕೂತಳು. ಬೆಚ್ಚಗಿನ ಹಾಳೆಯನ್ನು ಅವಳು ಮಡಿಸಲಿಲ್ಲ, ಹಾಗೇ ಎದೆಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಊರುಗೋಲು ತಳ್ಳುತ್ತ ಹೋದಳು. ಬಾಗಿಲು ತೆರೆಯಲು ಎಂದು ಅವನು ಮುಂದೆ ಹೋದಾಗ ಬೇಡವೆಂದು ತಲೆಯಲ್ಲೇ ಸನ್ನೆ ಮಾಡಿದಳು. ಆ ಭಾರದ ಬಾಗಿಲನ್ನು ಭುಜದಿಂದ ನೂಕಿ ಹೊರಗೆ ಹೋಗಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅವನು ಎರಡು ಹೆಜ್ಜೆ ಹಿಂದೆ ಕೈಕಟ್ಟಿಕೊಂಡು ನೋಡುತ್ತಿದ್ದ.

ಲೊರೆಟ್ಟಾ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಅವನ ಮೇಜಿನ ಅಂಚಿಗೆ ಒರಗಿ ನಿಂತು ಮೆತ್ತಗೆ ಕೇಳಿದಳು. "ಅದನ್ನು ಅವಳಿಗೋಸ್ಕರ ಹೇಳಿದೆಯಾ, ನಿನಗೋಸ್ಕರ ಹೇಳಿದೆಯಾ?" ಅವನು ಕಡತ ಮುಚ್ಚಿಡುವುದನ್ನು ನೋಡಿ, "ಮುಂದಿನ ವಾರ ಬರಬೇಡ ಶಿವಾ. ಪ್ರದರ್ಶನ ಮುಗಿಯಲಿ. ಆಮೇಲೆ ನಾನೇ ಫೋನ್ ಮಾಡುತ್ತೇನೆ," ಎಂದಳು. ಎರಡನೆಯ ಸಲ ಕೆಲಸದಿಂದ ತೆಗೆದಂತಾಯಿತು, ಅದೂ ಬಿಟ್ಟಿ ಕೆಲಸದಿಂದ. ನಗು ಬರಬೇಕಾದ ಸಂಗತಿ. ಅವನು ನೀರಿನ ಬಾಟಲಿ, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡ. ಈಜುಕೊಳದ ವಾಕ್ಯ ಪರದೆಯ ಮೇಲೆ ಹಾಗೇ ಇತ್ತು. ಅಳಿಸಲಿಲ್ಲ.

ರೈಲು ಕೊಲ್ಲಿಯ ಕೆಳಗಿನ ಸುರಂಗಕ್ಕೆ ಇಳಿದಾಗ ಎಂದಿನಂತೆ ಕಿವಿ ಕಟ್ಟಿತು. ತಲೆಯ ಮೇಲೆ ಅಷ್ಟು ನೀರು, ಅದರ ಮೇಲೆ ಹಡಗುಗಳು. ಎದುರಿನ ಸೀಟಿನ ಹುಡುಗಿ ಕಣ್ಣು ಮುಚ್ಚಿ ಹಾಡು ಕೇಳುತ್ತಿದ್ದಳು. ಅವಳಿಗೋಸ್ಕರವೋ ನಿನಗೋಸ್ಕರವೋ. ಆ ಮುದುಕಿಗೆ ಇದ್ದ ಒಂದು ಹಾಡನ್ನು ಕಿತ್ತುಕೊಂಡು ಹನ್ನೊಂದು ನಿಮಿಷ ಕೊಟ್ಟೆ. ತನ್ನದನ್ನು ಹೇಳಬೇಕಾದಲ್ಲಿ ಹೇಳಲಾರದೆ, ಯಾರದೋ ಸತ್ಯವನ್ನು ಅಪರಿಚಿತಳೊಬ್ಬಳ ಮಡಿಲಿಗೆ ಸುರಿದೆ. ಓಕ್ಲಂಡಿನ ಬಳಿ ರೈಲು ಮೇಲಕ್ಕೆ ಬಂದಾಗ ಇದ್ದಕ್ಕಿದ್ದಂತೆ ಬಿಸಿಲು. ಮಂಜು ಆ ದಡಕ್ಕಷ್ಟೇ. ಹೇವರ್ಡಿನಲ್ಲಿ ಬಾಗಿಲು ತೆರೆದಾಗ, ಈ ಊರಿನ ಯಾವುದೋ ಅಡಿಗೆಮನೆಯ ಮೇಜಿನ ಮೇಲೆ ಇವತ್ತು ಆ ಹಾಳೆ ಬಿದ್ದಿರುತ್ತದೆ ಎಂದುಕೊಂಡ. ಯೂನಿಯನ್ ಸಿಟಿ ಬಂತು. ಜನ ಇಳಿದರು. ಅವನು ಎದ್ದು ನಿಂತ, ಕಂಬ ಹಿಡಿದ, ಬಾಗಿಲು ತೆರೆದು ಮುಚ್ಚಿಕೊಂಡಿತು. ಮುಂದಿನ ನಿಲ್ದಾಣ ಫ್ರೀಮಾಂಟ್. ಗುರುವಾರ ಸಂಯುಕ್ತಾ ಮನೆಯಿಂದಲೇ ಕೆಲಸ ಮಾಡುತ್ತಾಳೆ ಎಂದು ತೇಜಸ್ವಿನಿ ಎಂದೋ ಹೇಳಿದ್ದಳು.

"ಅಯ್ಯೋ, ನೀವಾ! ಫೋನ್ ಮಾಡೋದಲ್ವಾ? ಬನ್ನಿ ಬನ್ನಿ. ತೇಜು ಬಂದಿಲ್ವಾ?" ಸಂಯುಕ್ತಾ ಕಿವಿಯ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು ಬಾಗಿಲು ತೆಗೆದಳು. ಕೂದಲು ಸಣ್ಣದಾಗಿ ಕತ್ತರಿಸಿಕೊಂಡಿದ್ದಳು. ಎರಡು ವರ್ಷದಿಂದ ಅವನು ಈ ಮನೆಗೆ ಬಂದಿರಲಿಲ್ಲ. "ಒಂದೈದು ನಿಮಿಷ, ಮೀಟಿಂಗು ಮುಗೀತಾ ಇದೆ," ಎಂದು ಒಳಗೆ ಹೋದಳು. ಅವನು ಸೋಫಾದ ತುದಿಯಲ್ಲಿ ಕೂತ. ಗೋಡೆಯ ಮೇಲೆ ರಘೋತ್ತಮನ ಫೋಟೋ ಇತ್ತು. ಯಾರದೋ ಮದುವೆಯಲ್ಲಿ ತೆಗೆದದ್ದು, ಪೇಟ ಕಟ್ಟಿಕೊಂಡು ಗಂಭೀರವಾಗಿ ನಿಂತದ್ದು. ಅವನು ಎಂದೂ ಹಾಗಿರಲಿಲ್ಲ. ಒಳಗಿನಿಂದ ಸಂಯುಕ್ತಾಳ ಇಂಗ್ಲಿಷ್ ಕೇಳುತ್ತಿತ್ತು, ಯಾರನ್ನೋ ನಯವಾಗಿ ಗದರುತ್ತಿದ್ದಳು. ಎದ್ದು ಹೋಗಿಬಿಡಬಹುದು. ಏನೋ ನೆನಪಾಯಿತು ಎಂದು ಆಮೇಲೆ ಮೆಸೇಜು ಹಾಕಬಹುದು. ಅವಳು ಬಂದು ಎದುರಿಗೆ ಕೂತಾಗ ಅವನಿಗೆ ಅತ್ತಿತ್ತ ಸುತ್ತುವ ದಾರಿ ಯಾವುದೂ ಹೊಳೆಯಲಿಲ್ಲ.

"ಸಂಯುಕ್ತಾ, ಆ ಪಟ್ಟಿಗೆ ರಘು ಹೆಸರು ಕೊಟ್ಟಿದ್ದು ನಾನು."

"ಗೊತ್ತು," ಎಂದಳು. ಆಶ್ಚರ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. "ಅವರಿಗೂ ಗೊತ್ತಿತ್ತು. ಇನ್ಯಾರು ಕೊಡ್ತಾರೆ, ಮ್ಯಾನೇಜರು ನೀವು. ಶಿವು ಆದ್ರೂ ಏನು ಮಾಡ್ತಾನೆ, ಇಬ್ಬರಲ್ಲಿ ಒಬ್ಬರನ್ನ ಕೊಡಬೇಕಿತ್ತು ಅಂತ ಅವರೇ ಅಂದ್ರು. ಅದು ಆಫೀಸು. ಅದಕ್ಕೆ ಇಷ್ಟು ದೂರ ಬಂದ್ರಾ?"

ಮೂರು ವರ್ಷ ಅವನು ಬಂಡೆಯೆಂದು ಹೊತ್ತದ್ದನ್ನು ಅವಳು ಕೂತಲ್ಲಿಂದಲೇ ಪಕ್ಕಕ್ಕಿಟ್ಟಳು. ಅಲ್ಲಿಗೆ ಬಿಟ್ಟರೆ ಕಾಫಿ ಕುಡಿದು ಹೋಗಬಹುದಿತ್ತು. "ಇನ್ನೊಂದಿದೆ," ಎಂದ. "ಅವನು ಶನಿವಾರ ನಮ್ಮನೆಗೆ ಬಂದಾಗ ನಾನು ಮನೇಲೇ ಇದ್ದೆ. ಸಾಮಾನಿಗೆ ಹೋಗಿರಲಿಲ್ಲ. ಅಡಿಗೆಮನೇಲಿ ನಿಂತು ಫೋನಲ್ಲಿ ನೋಡ್ತಿದ್ದೆ. ಬಾಗಿಲು ತೆಗೀಲಿಲ್ಲ."

ಸಂಯುಕ್ತಾ ಕತ್ತಿನಲ್ಲಿದ್ದ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಪುಟ್ಟ ದೀಪ ಎರಡು ಸಲ ಮಿನುಗಿ ಆರಿತು.

"ಯಾಕೆ?"

"ಪಟ್ಟಿ ವಿಷಯ ಗೊತ್ತಾಗಿ ಕೇಳೋಕೆ ಬಂದಿದಾನೆ ಅನ್ಕೊಂಡೆ."

"ಪಟ್ಟಿ ಗೊತ್ತಾಗಿದ್ದು ಸೋಮವಾರ." ಅವಳು ನಿಧಾನವಾಗಿ, ಮಗುವಿಗೆ ಹೇಳುವಂತೆ ಹೇಳಿದಳು. "ನಮ್ಮ ಶರಣ್ಯಾಗೆ ಬರ್ಕ್ಲಿ ಯೂನಿವರ್ಸಿಟೀಲಿ ಸೀಟು ಸಿಕ್ಕಿದ್ದು ಗುರುವಾರ ಸಂಜೆ. ಶುಕ್ರವಾರ ಆಫೀಸಲ್ಲಿ ನಿಮಗೆ ಹೇಳ್ತೀನಿ ಅಂತ ಹೋದ್ರು, ನೀವು ಬಂದಿರಲಿಲ್ಲ. ಫೋನ್ ಮಾಡಿ ಅಂದೆ. ಇದು ಫೋನಲ್ಲಿ ಹೇಳೋ ವಿಷಯ ಅಲ್ಲ ಕಣೇ, ಅವನ ಮುಖ ನೋಡ್ಬೇಕು ನಾನು ಅಂದ್ರು. ಚಿಕ್ಕಂದಿನಲ್ಲಿ ಅವಳಿಗೆ ಲೆಕ್ಕ ಹೇಳಿಕೊಟ್ಟೋರು ನೀವಲ್ವಾ? ಮೊದಲು ಶಿವುಗೇ ಹೇಳ್ಬೇಕು ಅಂತ ಹೋದ್ರು."

ಬಿಸಿಲು ಕಾರ್ಪೆಟ್ಟಿನ ಮೇಲೆ ಚೌಕವಾಗಿ ಬಿದ್ದಿತ್ತು. ಶಿವಪ್ರಕಾಶನ ಒಳಗೆ ಆ ಹಲ್ಲು ಬಿಟ್ಟ ಮುಖ ಮತ್ತೆ ಎದ್ದು ಬಂತು. ಗಾಜಿಗೆ ಮೂಗು ತಾಗುವ ಹಾಗೆ ಬಗ್ಗಿದ, ಹಣೆ ಉಬ್ಬಿದ, ಕಣ್ಣು ಕಿರಿದಾದ ಮುಖ. ಅವನು ಅದನ್ನು ಬೇಡುವ ಮುಖ ಎಂದು ಮೂರು ವರ್ಷ ನಂಬಿದ್ದ. ನಂಬಿ ಅಸಹ್ಯಪಟ್ಟಿದ್ದ. ಈಗ ಅದೇ ಮುಖ, ಒಂದು ಗೆರೆಯೂ ಬದಲಾಗದೆ, ಸಂತೋಷವನ್ನು ತಡೆಯಲಾರದವನ ಮುಖವಾಗಿತ್ತು. ಹತ್ತೊಂಬತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತವನ ನಗು ಯಾವುದು, ದೈನ್ಯ ಯಾವುದು ಎಂದು ತನಗೆ ಗೊತ್ತಿರಲಿಲ್ಲ. ಬಾಗಿಲು ತೆಗೆಯದಿರಲು ಯಾರ ಆದೇಶವೂ ಇರಲಿಲ್ಲ.

"ಎಷ್ಟು ಹೊತ್ತು ನಿಂತಿದ್ರು?" ಎಂದಳು ಸಂಯುಕ್ತಾ.

"ನಾಲ್ಕು ನಿಮಿಷ."

"ಅವರಿಗೆ ಒಂದು ನಿಮಿಷ ಕಾಯೋಕೆ ಆಗ್ತಿರಲಿಲ್ಲ." ಅವಳು ಅಂಗೈ ನೋಡಿಕೊಂಡಳು. "ಹೋಟೆಲಲ್ಲಿ ಸೀಟಿಲ್ಲ ಅಂದ್ರೆ ವಾಪಸ್ ಹೊರಟುಬಿಡೋರು. ನಾಲ್ಕು ನಿಮಿಷ ನಿಂತಿದ್ರಾ." ತಲೆಯೆತ್ತಿದಳು. ಕಣ್ಣಲ್ಲಿ ಒಂದು ಥರದ ಆಸೆ ಇತ್ತು. ಅದನ್ನು ನೋಡಿ ಅವನಿಗೆ ಭಯವಾಯಿತು. "ಆ ಕ್ಯಾಮೆರಾದ್ದು ರೆಕಾರ್ಡ್ ಆಗತ್ತಲ್ವಾ? ಇದೆಯಾ ಅದು?"

"ಇಲ್ಲ. ಅರವತ್ತು ದಿನಕ್ಕೆ ತಾನಾಗೇ ಅಳಿಸಿಹೋಗತ್ತೆ."

ಅವಳು ಮನಸ್ಸಿನಲ್ಲೇ ಎಣಿಸುತ್ತಿರುವುದು ಕಂಡಿತು. ಐದು ವಾರ ಎಂದರೆ ಮೂವತ್ತೈದು ದಿನ. "ಹಾಗಾದ್ರೆ ಅವರು ಹೋದ ಮೇಲೂ ಇಪ್ಪತ್ತೈದು ದಿನ ಇತ್ತು."

"ಇತ್ತು."

"ನೀವು ನೋಡಿದ್ರಾ?"

"ನೋಡಲಿಲ್ಲ. ದಿನಾ ಎಣಿಸ್ತಿದ್ದೆ, ಯಾವಾಗ ಹೋಗತ್ತೆ ಅಂತ."

ಅವಳು ಎದ್ದು ಕಿಟಕಿಯ ಹತ್ತಿರ ಹೋದಳು. ಹೊರಗೆ ಯಾರದೋ ಹುಲ್ಲು ಕತ್ತರಿಸುವ ಯಂತ್ರ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. "ನನ್ನ ಹತ್ರ ಅವರ ವಿಡಿಯೋ ಬೇಕಾದಷ್ಟಿವೆ," ಎಂದಳು ಆ ಕಡೆ ಮುಖ ಮಾಡಿಯೇ. "ಎಲ್ಲದರಲ್ಲೂ ಅವರೇ ಕ್ಯಾಮೆರಾ ಹಿಡಿದಿರ್ತಾರೆ. ಫ್ರೆಂಡ್ಸ್ ಮನೇದೆಲ್ಲ ಇದೆ, ಲಾಸ್ಯಾ ಅರಂಗೇಟ್ರಂ, ಯಶಸ್ ಗೃಹಪ್ರವೇಶ. ಹಿಂದಿನಿಂದ ದನಿ ಬರತ್ತೆ, ಆ ಕಡೆ ತಿರುಗು, ಈ ಕಡೆ ತಿರುಗು ಅಂತ. ಮುಖ ಇರಲ್ಲ." ಕರ್ಟನ್ನಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಶರಣ್ಯಾಗೆ ಇದನ್ನ ನೀವು ಹೇಳಕೂಡದು. ಹೇಳೋದಿದ್ರೆ ನಾನು ಹೇಳ್ತೀನಿ. ತೇಜುಗೆ ನೀವೇ ಹೇಳಿ, ಇವತ್ತೇ. ಆ ಹದಿಮೂರು ದಿನ ನಿಂತು ಅಡಿಗೆ ಮಾಡಿದವಳು ಅವಳು."

"ಆಗಲಿ."

"ನೀವಿನ್ನು ಈ ಮನೆಗೆ ಬರೋದು ಬೇಡ."

"ಆಗಲಿ," ಎಂದ ಮತ್ತೆ. ಏಳಲು ಹೋದ.

"ಕೂತ್ಕೊಳಿ," ಎಂದಳು ಸಂಯುಕ್ತಾ. ಬಂದು ಎದುರಿನ ಕುರ್ಚಿಯಲ್ಲಿ, ಈ ಸಲ ಹತ್ತಿರಕ್ಕೆ ಎಳೆದುಕೊಂಡು, ಕೂತಳು. "ಮೊದಲಿಂದ ಹೇಳಿ. ಏನು ಹಾಕ್ಕೊಂಡಿದ್ರು?"

"ನೀಲಿ ಸ್ವೆಟರು. ತೋಳು ಮೇಲಕ್ಕೆ ಮಡಿಸಿದ್ದ."

"ಆಮೇಲೆ?"

"ಚಪ್ಪಲೀನ ಮ್ಯಾಟ್ ಮೇಲೆ ಉಜ್ಜಿದ. ನಮ್ಮ ಗುಲಾಬಿ ಗಿಡದಲ್ಲಿ ಒಣಗಿದ್ದೊಂದು ಎಲೆ ಕಿತ್ತ. ಅದನ್ನ ಎಲ್ಲಿ ಹಾಕೋದು ಅಂತ ಆ ಕಡೆ ಈ ಕಡೆ ನೋಡಿ ಜೇಬಿಗೆ ಹಾಕ್ಕೊಂಡ." ಇದು ತನಗೆ ನೆನಪಿದೆಯೆಂದು ಹೇಳುವ ತನಕ ಅವನಿಗೇ ಗೊತ್ತಿರಲಿಲ್ಲ. "ಇನ್ನೊಂದ್ಸಲ ಬೆಲ್ ಒತ್ತಿದ. ಫೋನ್ ತೆಗೆದ, ಮತ್ತೆ ಒಳಗಿಟ್ಟ. ಆಮೇಲೆ ಕ್ಯಾಮೆರಾ ಹತ್ರ ಬಗ್ಗಿದ."

"ಏನಂದ್ರು?"

ಅವನು ಹೇಳಿದ. ಮೆಲ್ಲಗೆ, ವರದಿ ಒಪ್ಪಿಸುವ ಹಾಗೆ ಹೇಳಿದ. ಸಂಯುಕ್ತಾ ತಲೆ ಅಲ್ಲಾಡಿಸಿದಳು.

"ಹಂಗಲ್ಲ. ಅವರು ಹೆಂಗಂದ್ರು ಹಂಗೇ ಹೇಳಿ."

ಅವಳು ಕಣ್ಣು ಮುಚ್ಚಿದಳು. ಶಿವಪ್ರಕಾಶ ಗೋಡೆಯ ಫೋಟೋದ ಕಡೆ ನೋಡಲಿಲ್ಲ, ಅದು ಅವನಂತಿರಲಿಲ್ಲ. ಇಳಿಜಾರಿನಲ್ಲಿ ಓಡಿದಂತೆ ಒಂದರ ಮೇಲೊಂದು ಬೀಳುವ ಮೈಸೂರಿನ ಆ ಮಾತು, ಕೊನೆಗೆ ಸ್ವರ ಮೇಲಕ್ಕೆ ಹಾರಿಬಿಡುವ ಆ ರೀತಿ ಗಂಟಲಿನಲ್ಲಿ ಎಲ್ಲೋ ಇತ್ತು. "ಲೋ ಶಿವೂ," ಎಂದ. "ಎಲ್ಲೋ ಹೋದೆ? ಒಳಗಿದ್ರೆ ಬಾರೋ ಬೇಗ. ಬಾರೋ, ನಿನಗೊಂದು ಹೇಳ್ಬೇಕು."

ಸಂಯುಕ್ತಾಳ ತುಟಿ ಅಲುಗಿತು. ಕಣ್ಣು ತೆರೆಯಲಿಲ್ಲ.

"ಇನ್ನೊಂದ್ಸಲ," ಎಂದಳು.